ಗೇಟಿನ ಹೊರಗೆ ಮುಸುರೆ

ಆ ನಿಯಮಕ್ಕೆ ಮೊದಲು ಕೈ ಎತ್ತಿದವಳು ನಾನೇ. ತಪ್ಪನ್ನು ಬೇರೆಯವರ ತಲೆಗೆ ಕಟ್ಟಿ ನುಣುಚಿಕೊಳ್ಳುವ ಪೈಕಿ ನಾನಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ತೆಲುಗು ಸೀಮೆಯ ಮಿಯಾಪುರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಸಭೆ ಒಂದು ಭಾನುವಾರ ಬೆಳಿಗ್ಗೆ, ಇಡ್ಲಿ ವಡೆ ಮುಗಿದ ಮೇಲೆ, ಕ್ಲಬ್‌ಹೌಸಿನಲ್ಲಿ ನಡೆಯಿತು. ಸಂಘದ ಕಾರ್ಯದರ್ಶಿ ಮೈಸೂರು ಕಡೆಯವನು. ಮಾದಾಪುರದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ, ನಯವಾದ ಮಾತು, ನನ್ನನ್ನು ಕಂಡರೆ ಕನ್ನಡದಲ್ಲೇ ಮಾತಾಡಿಸುತ್ತಾನೆ. ಅವನು ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟು ಎಲ್ಲರಿಗೂ ವಿವರಿಸಿದ. ಇನ್ನು ಮುಂದೆ ಮನೆಗೆಲಸದವರು, ಡ್ರೈವರುಗಳು, ಇಸ್ತ್ರಿಯವರು ಗೇಟಿನಲ್ಲಿ ಬೆರಳೊತ್ತಿ ಒಳಗೆ ಬರಬೇಕು. ಆ ಬೆರಳು ಅವರ ಗುರುತಿನ ಕಾರ್ಡಿಗೆ ತಾಳೆಯಾಗಬೇಕು. ಸಂಬಳವನ್ನು ಕೈಗೆ ಕೊಡುವಂತಿಲ್ಲ, ಫೋನಿನಿಂದ ಅವರವರ ಹೆಸರಿನ ಖಾತೆಗೇ ಹಾಕಬೇಕು.

ಆಮೇಲೆ ನನ್ನ ಪಕ್ಕ ಬಂದು ಕೂತು ಕನ್ನಡದಲ್ಲಿ ಹೇಳಿದ: "ನೋಡಿ ಆಂಟಿ, ಗಡಿ ದಾಟಿ ಕಳ್ಳದಾರೀಲಿ ಬಂದವರನ್ನ ಹುಡುಕ್ಕೊಂಡು ಪೊಲೀಸರು ಊರೆಲ್ಲಾ ಅಲೀಬೇಕಾಗಿಲ್ಲ. ಗುರುತಿಲ್ಲದವರಿಗೆ ಕೆಲಸ ಇಲ್ಲ, ಖಾತೆ ಇಲ್ಲದವರಿಗೆ ಕಾಸಿಲ್ಲ. ಕೈಗೆ ಕಾಸು ಸಿಗದೇ ಇದ್ರೆ ತಾವಾಗೇ ಜಾಗ ಖಾಲಿ ಮಾಡ್ತಾರೆ."

ನನಗೆ ಮಾತು ಹಿಡಿಸಿತು. ಮೂವತ್ತಮೂರು ವರ್ಷ ಕೇಂದ್ರ ಸರಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದವಳು ನಾನು. ಕೊರಳಿಗೆ ಗುರುತಿನ ಬಿಲ್ಲೆ ಹಾಕಿಕೊಳ್ಳದೆ ಮನೆ ಹೊಸ್ತಿಲು ದಾಟುತ್ತಿರಲಿಲ್ಲ. ತಾಳಿ ಮರೆತರೂ ಬಿಲ್ಲೆ ಮರೆಯುವವಳಲ್ಲ ಎಂದು ನಮ್ಮ ಯಜಮಾನರು ಇವತ್ತಿಗೂ ಚುಚ್ಚುತ್ತಾರೆ. ಬಿಲ್ಲೆ ಎಂದರೆ ನನಗೆ ಮರ್ಯಾದೆ. ಮನೆಗೆಲಸದ ಹೆಂಗಸರ ಕೊರಳಲ್ಲೂ ಒಂದು ತೂಗಿದರೆ ಅವರಿಗೂ ಮರ್ಯಾದೆ ಬಂದೀತು ಅಂದುಕೊಂಡೆ. ಕೈ ಎತ್ತಿದೆ. ನನ್ನನ್ನು ನೋಡಿ ಹಿಂದಿನ ಸಾಲಿನವರೂ ಎತ್ತಿದರು.

ಲಿಫ್ಟಿನಲ್ಲಿ ಯಜಮಾನರು ಕೇಳಿದರು: "ಕೈ ಎತ್ತೂದ್ರಾಗ ನಿನ್ನ ಮುಂದ ಯಾರೂ ಇಲ್ಲ ನೋಡು. ಅಂವ ಹೇಳಿದ್ದು ಪೂರಾ ಕೇಳಿಸ್ಕೊಂಡಿಯೇನು?"

"ನಿಮ್ಮಂಗ ತೂಕಡಸಾಕತ್ತಿರಲಿಲ್ಲ ನಾ," ಎಂದೆ.

ನಮ್ಮ ಮನೆಯ ಮುಸುರೆ ತಿಕ್ಕುವಾಕೆ ಬಂಗಾಲಿ ಮಾತಿನವಳು. ಮಾಲ್ದಾ ಕಡೆಯವಳು ಎಂದು ಬಂದ ದಿನವೇ ಹೇಳಿದ್ದಳು, ನಾನೂ ಸರಿ ಎಂದಿದ್ದೆ. ಆಗಲೇ ಏಳು ವರ್ಷವಾಗಿತ್ತು. ವಯಸ್ಸು ನಲವತ್ತೈದಿರಬಹುದು, ಆಕೆಗೂ ಸರಿಯಾಗಿ ಗೊತ್ತಿಲ್ಲ. ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಮನೆಗಳ ಓಣಿಯಲ್ಲಿ, ಗಂಡ ಬಿಟ್ಟುಹೋದ ಮಗಳು ಮತ್ತು ಮೊಮ್ಮಗಳ ಜೊತೆ ಇದ್ದಾಳೆ. ಮೂರು ಹೊಟ್ಟೆಯೂ ಇವಳು ತಿಕ್ಕುವ ಹನ್ನೊಂದು ಮನೆಯ ಪಾತ್ರೆಗಳ ಮೇಲೇ ನಿಂತಿವೆ. ನನ್ನ ಜೊತೆ ಅರ್ಧ ಹಿಂದಿ, ಅರ್ಧ ತೆಲುಗು.

ಮೊದಲ ಸಲ ಜೋಳದ ರೊಟ್ಟಿ ಕೊಟ್ಟಾಗ ಹಿಂದೆ ಮುಂದೆ ತಿರುಗಿಸಿ ನೋಡಿ, ಸಾಸಿವೆ ಎಣ್ಣೆ ಇದೆಯೇ ಎಂದು ಕೇಳಿದಳು. ನಾವು ಶೇಂಗಾ ಎಣ್ಣೆಯವರು. ಮರುದಿನ ಪುಟ್ಟ ಶೀಶೆಯಲ್ಲಿ ತಾನೇ ತಂದು, ರೊಟ್ಟಿಗೆ ಸುರಿದು, ಹಸಿಮೆಣಸಿನಕಾಯಿ ಈರುಳ್ಳಿ ಜೊತೆ ತಿಂದಳು. ನನಗೂ ಒಂದು ತುಂಡು ಮುರಿದು ಕೊಟ್ಟಳು. ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಆ ಶೀಶೆ ಈಗಲೂ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದೆ.

ಒಂದು ಮಳೆಗಾಲದಲ್ಲಿ ನನಗೆ ಚಿಕೂನ್‌ಗುನ್ಯಾ ಬಂತು. ಎರಡು ತಿಂಗಳು ಕೈ ಭುಜದಿಂದ ಮೇಲೆ ಏಳಲಿಲ್ಲ. ಆ ಎರಡು ತಿಂಗಳು ನನ್ನ ತಲೆ ಬಾಚಿದವಳು ಆಕೆ. ನಾನು ಕೇಳಿರಲಿಲ್ಲ. ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಬಾಚಣಿಗೆ ಹಿಡಿದು ನನ್ನ ಹಿಂದೆ ಬಂದು ಕೂರುತ್ತಿದ್ದಳು. ಸಿಕ್ಕು ಬಿಡಿಸುವಾಗ ನೋವಾದರೆ ನಾನು ಬೈಯುತ್ತಿದ್ದೆ, ಆಕೆ ಬಂಗಾಲಿಯಲ್ಲಿ ತಿರುಗಿ ಬೈಯುತ್ತಿದ್ದಳು.

ಬೆರಳೊತ್ತುವ ದಿನ ಗೇಟಿನ ಪಕ್ಕ ಮೇಜು ಹಾಕಿ ಯಂತ್ರ ಇಟ್ಟರು. ಆಕೆ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಮಗಳನ್ನು ಶಾಲೆಗೆ ಸೇರಿಸಲು ಹೋದವಳ ಹಾಗೆ ನಾನೂ ಪಕ್ಕದಲ್ಲಿ ನಿಂತೆ. ಬೆರಳಿಟ್ಟಳು, ಕೆಂಪು ದೀಪ. ಒರೆಸಿ ಇಟ್ಟಳು, ಮತ್ತೆ ಕೆಂಪು. ಹತ್ತು ಬೆರಳೂ ಮುಗಿದವು. ಹನ್ನೊಂದು ಮನೆಯ ಸಾಬೂನು ಪುಡಿ, ತಂತಿ ಜುಂಗು ಸೇರಿ ಆಕೆಯ ಬೆರಳಿನ ಗೆರೆಗಳನ್ನು ಎಂದೋ ತಿಕ್ಕಿ ಹಾಕಿದ್ದವು. ಯಂತ್ರದವನು "ರಾವಟ್ಲೇದಮ್ಮಾ," ಬರುತ್ತಿಲ್ಲ ಎಂದ. ಬ್ಯಾಂಕ್ ಖಾತೆಯಾದರೂ ಇದೆಯೇ, ಅದರಿಂದ ಗುರುತು ಹಚ್ಚಬಹುದು ಎಂದ. ಖಾತೆ ತೆರೆಯಲು ಹೋದಾಗ ಅಲ್ಲಿಯೂ ಬೆರಳನ್ನೇ ಕೇಳಿದ್ದರಂತೆ. ಫೋನಿಗೆ ಅಂಕಿ ಕಳಿಸಿ ಗುರುತು ಹಚ್ಚೋಣವೆಂದರೆ ಆಕೆಯ ಗುಂಡಿ ಫೋನಿನ ನಂಬರೂ ಓಣಿಯ ಕಿರಾಣಿಯವನ ಹೆಸರಿನಲ್ಲಿತ್ತು. ಹುಚ್ಚು ಬಿಡುವವರೆಗೆ ಮದುವೆಯಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ.

ಸಂಜೆ ನಮ್ಮೆಲ್ಲರ ಫೋನಿಗೆ ಸಂದೇಶ ಬಂತು. ಏಳು ಜನರ ಗುರುತು ಸಾಬೀತಾಗಿಲ್ಲ, ನಾಳೆಯಿಂದ ಅವರಿಗೆ ಪ್ರವೇಶವಿಲ್ಲ, ಅನುಮಾನಾಸ್ಪದರ ಪಟ್ಟಿಯನ್ನು ಸೋಮವಾರ ಪೊಲೀಸ್ ಠಾಣೆಗೆ ಕೊಡಲಾಗುವುದು. ಆವರಣದೊಳಗೆ ಯಾರಿಗಾದರೂ ನಗದು ಕೊಟ್ಟರೆ ದಂಡ. ಮೂರನೆಯ ಹೆಸರು ಆಕೆಯದು.

ನನಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಇದೇ ನನ್ನ ಪೆದ್ದುತನ. ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಬಿಲ್ಲೆ ಮರೆತು ಬಂದರೆ ಗೇಟಿನವರು ಅವರ ವಿಭಾಗಕ್ಕೆ ಫೋನು ಮಾಡುತ್ತಿದ್ದರು. ಜೊತೆಯವರೊಬ್ಬರು ಬಂದು, ಗೇಟಿನ ಪುಸ್ತಕದಲ್ಲಿ "ಇವರನ್ನು ನಾನು ಬಲ್ಲೆ" ಎಂದು ಬರೆದು ತಮ್ಮ ಸಹಿ ಹಾಕಬೇಕು. ಅವತ್ತು ಒಳಗೆ ಏನೇ ಆದರೂ ಸಹಿ ಹಾಕಿದವರೇ ಹೊಣೆ. ಎಷ್ಟು ಜನರಿಗೆ ಹಾಕಿದ್ದೆನೋ ನೆನಪಿಲ್ಲ, ಜಗಳವಾಡಿ ಮಾತು ಬಿಟ್ಟವಳಿಗೂ ಹಾಕಿದ್ದೆ. ಕ್ಷಿಪಣಿಯ ಭಾಗ ತಯಾರಾಗುವ ಜಾಗಕ್ಕೆ ಆಗುವ ಸಹಿ, ಮುಸುರೆ ತಿಕ್ಕುವ ಜಾಗಕ್ಕೆ ಸಾಲದೇ ಎಂದುಕೊಂಡು ಕಾರ್ಯದರ್ಶಿಯ ಮನೆಗೆ ಹೋದೆ.

"ತಮ್ಮಾ, ಆಕಿ ಬೆರಳು ಯಂತ್ರಕ್ಕ ಬರಂಗಿಲ್ಲ, ಅಷ್ಟ. ಏಳು ವರ್ಷದ ಗುರುತು ನನಗ. ನಾ ಸಹಿ ಹಾಕ್ತೀನಿ, ಒಳಗ ಬಿಡ್ರಿ."

"ಆಂಟಿ, ಮಾಲ್ದಾ ಅಂದ್ರೆ ಗಡಿ ಜಿಲ್ಲೆ. ಆ ಕಡೆಯಿಂದ ಬಂದವರೆಲ್ಲಾ ಮಾಲ್ದಾ ಅಂತಲೇ ಹೇಳೋದು."

"ಹಂಗಾದ್ರ ಖರೇನ ಮಾಲ್ದಾದಾಗ ಹುಟ್ಟಿದವ್ರು ಯಾವೂರು ಅಂತ ಹೇಳಬೇಕಪ್ಪಾ?"

ಅವನು ನಕ್ಕ. ಕೆಟ್ಟ ನಗುವಲ್ಲ, ವಯಸ್ಸಾದವರನ್ನು ಸಮಾಧಾನ ಮಾಡುವ ನಗು. "ನೀವೇ ಅಲ್ವಾ ಆಂಟಿ ಮೊದಲು ಕೈ ಎತ್ತಿದ್ದು?"

ಮಾಡಿದ್ದುಣ್ಣೋ ಮಹಾರಾಯ. ಎರಡೂ ಕೈಗಳನ್ನು ಅವನ ಮುಂದೆ ಚಾಚಿದೆ. ಕಾರ್ಖಾನೆಯಲ್ಲಿ ನನ್ನದು ಬೆಸುಗೆ ವಿಭಾಗ. ಕೈಗವಸು ಹಾಕಿದರೆ ಕೂದಲೆಳೆಯಂಥ ತಂತಿ ಹಿಡಿಯಲು ಬರುತ್ತಿರಲಿಲ್ಲ. ಬರಿಗೈಯಲ್ಲೇ ಬೆಸುಗೆ ಹಾಕಿ, ಬರಿಗೈಯಲ್ಲೇ ಔಷಧದ ನೀರಿನಲ್ಲಿ ಅದ್ದಿ ಒರೆಸುತ್ತಿದ್ದೆವು. ನಿವೃತ್ತಿಯ ಹೊತ್ತಿಗೆ ಬೆರಳ ತುದಿಗಳು ನುಣ್ಣಗೆ ಹುಣಸೆ ಬೀಜದ ಹಾಗಾಗಿದ್ದವು. ಪಿಂಚಣಿಗಾಗಿ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ತೋರಿಸಬೇಕಲ್ಲ, ಬೆರಳೊತ್ತುವ ಯಂತ್ರ ಒಂದು ಸಲವೂ ನನ್ನನ್ನು ಬದುಕಿಸಿಲ್ಲ. ಪ್ರತಿ ಸಲವೂ ಖುದ್ದಾಗಿ ಹೋಗಿ ಮುಖ ತೋರಿಸಿ ಬರುತ್ತೇನೆ. ಇದನ್ನೆಲ್ಲ ಹೇಳಿದೆ.

"ನಿಮ್ಮ ವಿಷಯ ಬೇರೆ ಬಿಡಿ," ಎಂದ.

"ಹೆಂಗ ಬ್ಯಾರೆ?"

"ನೀವು ನಮ್ಮವರು ಆಂಟಿ."

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಇವನು ಈ ಊರಿಗೆ ಬಂದು ಆರು ವರ್ಷವಾಗಿಲ್ಲ. ನಾವು ಹೊಸದಾಗಿ ಕಲಬುರಗಿಯಿಂದ ಬಂದಾಗ ನಾರಾಯಣಗೂಡದಲ್ಲಿ ಬಾಡಿಗೆ ಮನೆ ಕೇಳಲು ಹೋದರೆ, ಮನೆಯೊಡೆಯ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ನೀವು ಇಲ್ಲಿಯವರಲ್ಲ, ನಿಮ್ಮನ್ನು ಬಲ್ಲವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎಂದಿದ್ದ. ಅವತ್ತು ನಾವು ಯಾರಿಗೂ ನಮ್ಮವರಾಗಿರಲಿಲ್ಲ. ಗಡಿ ಬೇಡ ಎನ್ನುವವಳಲ್ಲ ನಾನು. ಗಡಿ ಕಾಯುವ ಯಂತ್ರಗಳಿಗೆ ಬೆಸುಗೆ ಹಾಕಿಯೇ ಈ ಬೆರಳು ಸವೆದಿವೆ. ಆದರೆ ಸವೆದ ಬೆರಳಿಗೆ ನನಗೊಂದು ನ್ಯಾಯ, ನನ್ನ ಮುಸುರೆ ತಿಕ್ಕಿದವಳಿಗೆ ಇನ್ನೊಂದು ನ್ಯಾಯ ಅಂದರೆ ಆ ನ್ಯಾಯವನ್ನು ಅವನ ಯಂತ್ರದ ಬಾಯಿಗೇ ಹಾಕಲಿ.

ನನ್ನ ಮುಖ ನೋಡಿ ಅವನಿಗೂ ಕಸಿವಿಸಿಯಾಗಿರಬೇಕು. ಒಳಗೆ ಹೋಗಿ ಒಂದು ಹಾಳೆ ತಂದುಕೊಟ್ಟ. ಸಹಿ ಹಾಕುವುದಾದರೆ ಇದರ ಮೇಲೆ ಹಾಕಿ ಎಂದ. ಅದರಲ್ಲಿ ಹೀಗೆ ಅಚ್ಚಾಗಿತ್ತು: ಈಕೆ ಭಾರತದ ಪ್ರಜೆ ಎಂದು ನಾನು ಖಾತ್ರಿಯಾಗಿ ಬಲ್ಲೆ, ಸುಳ್ಳೆಂದು ಕಂಡುಬಂದರೆ ಕಾನೂನಿನ ಕ್ರಮಕ್ಕೆ ನಾನೇ ಹೊಣೆ.

ಮನೆಯಲ್ಲಿ ಯಜಮಾನರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಒಂದ್ ಮಾತು ಕೇಳಿಬಿಡು ಆಕಿನ್ನ. ಕೇಳಿದ್ರ ಏನಾಗ್ತೈತಿ? ನಾಳೆ ಕೋರ್ಟು ಕಚೇರಿ ಅಂತ ನೀ ಅಡ್ಡಾಡೂ ವಯಸ್ಸೇನು ಇದು?"

ಆ ಮಾತು ನನ್ನ ತಲೆಯಲ್ಲಿ ಕೂತಿತು. ಮರುದಿನ ಬೆಳಿಗ್ಗೆ ಕೆಳಗಿಳಿದು ಹೋದೆ. ಗೇಟಿನವರು ಆಕೆಯನ್ನು ಒಳಗೆ ಬಿಟ್ಟಿರಲಿಲ್ಲ. ಚಹಾದ ಗಾಡಿಯ ಪಕ್ಕದಲ್ಲಿ, ಕೆಲಸಕ್ಕೆ ಬಂದವಳ ಹಾಗೆಯೇ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಕರೆಯುತ್ತಾರೆ ಎಂದು ಕಾಯುತ್ತಿದ್ದಳಂತೆ. ಹಾಳೆಯ ವಿಷಯ ಹೇಳಿದೆ. ಆಮೇಲೆ, ಹಿಂದಿಯಲ್ಲಿ, ತಗ್ಗಿದ ದನಿಯಲ್ಲಿ ಕೇಳಿಯೇಬಿಟ್ಟೆ: "ನಿಜ ಹೇಳು, ನೀನು ಆ ಕಡೆಯವಳೇನು?"

ಆಕೆ ನನ್ನ ಮುಖ ನೋಡಿದಳು. ತಮ್ಮ ಊರನ್ನು ನದಿ ತಿಂದುಹಾಕಿತು, ಮನೆ ಹೋಯಿತು, ಶಾಲೆ ಹೋಯಿತು, ಊರಿದ್ದ ಜಾಗದಲ್ಲಿ ಈಗ ನೀರಿದೆ ಎಂದು ಎಂದೋ ಹೇಳಿದ್ದಳು. ಅದನ್ನು ಮತ್ತೆ ಹೇಳಲಿಲ್ಲ. ಅಳಲೂ ಇಲ್ಲ. "ನೀವೇ ಹೇಳಿ ಅಮ್ಮಾ, ನಾನು ಎಲ್ಲಿಯವಳು," ಎಂದಳು. "ನಾನು ಹೇಳಿದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ."

ನನಗೆ ನಾಚಿಕೆಯಾಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎರಡು ತಿಂಗಳು ಆಕೆಯ ಕೈಗೆ ತಲೆ ಕೊಟ್ಟು ಕೂತವಳು, ಯಾರೋ ಒಂದು ಹಾಳೆ ಕೊಟ್ಟ ತಕ್ಷಣ ಬೀದಿಯಲ್ಲಿ ನಿಲ್ಲಿಸಿ ಊರು ಕೇಳಿದೆ.

ಮನೆಗೆ ಬಂದವಳೇ ಅಚ್ಚಾದ ಸಾಲುಗಳ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಕೈಯಲ್ಲಿ ಬರೆದೆ: "ಈಕೆಯನ್ನು ಏಳು ವರ್ಷದಿಂದ ಬಲ್ಲೆ. ನನ್ನ ಮನೆಗೆ ಬರುವಾಕೆ ಈಕೆಯೇ. ಇದಕ್ಕಿಂತ ಹೆಚ್ಚು ತಿಳಿಯುವ ಹಕ್ಕು ನನಗಿಲ್ಲ." ಸಹಿ ಹಾಕಿದೆ. ಕಾರ್ಯದರ್ಶಿ ಓದಿ, ಇದು ನಡೆಯುವುದಿಲ್ಲ ಎಂದು ವಾಪಸು ಕೊಟ್ಟ.

ಅವತ್ತೇ ಮಧ್ಯಾಹ್ನ, ಹೊಸ ಗೇಟಿಗೆಂದು ಫ್ಲಾಟುಗಳಲ್ಲಿ ಇರುವವರೂ ಬೆರಳು ಕೊಡುವ ಸರದಿ. ನನ್ನ ಬೆರಳಿಗೂ ಕೆಂಪು ದೀಪವೇ ಹತ್ತಿತು. ಯಂತ್ರದವನು ಕಾರ್ಯದರ್ಶಿಯ ಮುಖ ನೋಡಿದ. ಇವನು, "ಪರವಾಗಿಲ್ಲ ಆಂಟಿ, ನಿಮ್ಮದನ್ನ ನಾನೇ ಕೈಯಿಂದ ಪಾಸ್ ಮಾಡ್ತೀನಿ," ಎಂದ.

"ಮಾಡಬ್ಯಾಡ," ಎಂದೆ. "ಬೆರಳು ಬರದವ್ರ ಪಟ್ಟಿ ಐತೆಲ್ಲ, ಅದರಾಗ ಹಾಕು. ಏಳು ಇದ್ದದ್ದು ಎಂಟು ಆಗಲಿ."

"ಸುಮ್ನೆ ಹಟ ಮಾಡ್ತಿದ್ದೀರಿ."

"ಹೌದಪ್ಪಾ, ಹಟ ಮಾಡಾಕತ್ತೀನಿ. ಬರಿ."

ಬರೆಯುವವರೆಗೆ ಆ ಮೇಜಿನ ಮುಂದಿನಿಂದ ಕದಲಲಿಲ್ಲ. ನನ್ನ ಹಿಂದೆ ಸಾಲು ಬೆಳೆಯಿತು, ಯಾರೋ ಗೊಣಗಿದರು, ಯಜಮಾನರು ದೂರ ನಿಂತು ಹಣೆ ಹಣೆ ಉಜ್ಜಿಕೊಂಡರು. ಕೊನೆಗೆ ಅವನು ಸಿಟ್ಟಿನಿಂದಲೇ ಗುಂಡಿ ಒತ್ತಿದ. ಎಂಟನೆಯ ಹೆಸರಾಗಿ ನನ್ನದು ಪಟ್ಟಿಗೆ ಸೇರಿತು.

ಶನಿವಾರ ಬೆಳಿಗ್ಗೆ ಎರಡು ದಿನದ ಮುಸುರೆಯನ್ನೆಲ್ಲ ಎರಡು ಬುಟ್ಟಿಗೆ ತುಂಬಿ ಕೆಳಗಿಳಿಸಿದೆ. ಗೇಟಿನ ಒಳಗೆ ಆಕೆ ಬರುವಂತಿಲ್ಲ, ಸರಿ. ಗೇಟಿನ ಹೊರಗಿನ ರಸ್ತೆ ಯಾರ ಅಪ್ಪನದೂ ಅಲ್ಲ. ಪ್ಯಾಂಟು ಮಡಚಿಕೊಂಡು ನೀರಿನ ಬಕೆಟ್ ಹಿಡಿದು ಯಜಮಾನರು ನನ್ನ ಹಿಂದೆ ಬಂದರು. ಕಚೇರಿಯಲ್ಲಿ ನಲವತ್ತು ಜನರ ಮೇಲೆ ಅಧಿಕಾರಿಯಾಗಿದ್ದವರು. "ಊರಿಗೆ ಬಂದಾಕಿ ನೀರಿಗೆ ಬರೂದಿಲ್ಲೇನು ಅಂತಾರ. ನಿನ್ನ ಕಟ್ಟಿಕೊಂಡ ಮ್ಯಾಲೆ ನಾನೂ ಬಂದೆ ನೋಡು," ಎಂದರು. ಬಕೆಟ್ ಮಾತ್ರ ಕೆಳಗಿಡಲಿಲ್ಲ.

ಚಹಾದ ಗಾಡಿಯ ಆಚೆ, ಚರಂಡಿಯ ಕಟ್ಟೆಯ ಮೇಲೆ ಬುಟ್ಟಿ ಇಟ್ಟೆ. ಆಕೆ ಹಿಂದೆ ಸರಿದಳು. "ಲೋಗ್ ದೇಖ್ ರಹೇ ಹೈ ಅಮ್ಮಾ," ಜನ ನೋಡುತ್ತಿದ್ದಾರೆ ಎಂದಳು.

"ನೋಡಲಿ," ಎಂದೆ. ಮೊದಲು ನಾನೇ ಕುಕ್ಕರಗಾಲಿನಲ್ಲಿ ಕೂತೆ. ಮಂಡಿ ಲಟಕ್ಕೆಂದಿತು. ಒಂದು ತಟ್ಟೆ ತಿಕ್ಕುವಷ್ಟರಲ್ಲಿ ಆಕೆ ಜುಂಗು ಕಿತ್ತುಕೊಂಡು, ನಿಮಗೆ ತಿಕ್ಕಲು ಬರುವುದಿಲ್ಲ, ಏಳಿ ಎಂದು ಬೈದಳು. ಆಕೆ ತಿಕ್ಕಿದಳು, ನಾನು ತೊಳೆದೆ. ಆ ತಿಂಗಳ ಸಂಬಳವನ್ನು ಅಲ್ಲೇ, ಗೇಟಿನ ಕ್ಯಾಮೆರಾಕ್ಕೆ ಕಾಣುವ ಹಾಗೆ ಎತ್ತಿ ಹಿಡಿದು ಆಕೆಯ ಕೈಗಿಟ್ಟೆ. ನೋಟಿಗೆ ನೀನು ಯಾವ ಊರಿನವಳು ಎಂದು ಕೇಳುವ ಚಾಳಿ ಇಲ್ಲ.

ಅವತ್ತಿನಿಂದ ದಿನಾ ಹಾಗೆಯೇ. ಹಾಗೆಂದು ಊರೇ ನಮ್ಮ ಹಿಂದೆ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡನೆಯ ಬ್ಲಾಕಿನ ಒಬ್ಬ ನಿವೃತ್ತ ಮೇಷ್ಟ್ರಮ್ಮ ಮೂರನೆಯ ದಿನ ತಮ್ಮ ಕುಕ್ಕರು ತವೆ ಹಿಡಿದು ಬಂದರು. ಉಳಿದ ಒಂಬತ್ತು ಮನೆಯವರು ವಾರದೊಳಗೆ ಬೆರಳು ಬರುವ ಬೇರೆ ಹೆಂಗಸರನ್ನು ಹುಡುಕಿಕೊಂಡರು. ಹನ್ನೊಂದು ಮನೆಯ ಅನ್ನ ಎರಡು ಮನೆಗೆ ಇಳಿಯಿತು. ಒಂದು ಬೆಳಿಗ್ಗೆ ಕಾರ್ಯದರ್ಶಿಯ ಕಾರು ನಮ್ಮ ಪಕ್ಕ ನಿಂತಿತು. ಗಾಜು ಇಳಿಸಿ, "ಅಪಾರ್ಟ್‌ಮೆಂಟಿನ ಮರ್ಯಾದೆ ಏನಾಗ್ಬೇಕು ಆಂಟಿ? ದಯವಿಟ್ಟು ಒಳಗೆ ಬನ್ನಿ," ಎಂದ.

"ಮೊದಲ ಆಕಿನ್ನ ಕರಿ. ಆಕಿ ಹಿಂದ ನಾ ಬರ್ತೀನಿ."

ಗಾಜು ಏರಿತು.

ಹತ್ತು ದಿನ ಕಳೆದು ಠಾಣೆಯಿಂದ ಕರೆ ಬಂತು. ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಆಕೆ ಮಗಳಿಗೆ ಏನು ಹೇಳಬೇಕು, ಮೊಮ್ಮಗಳನ್ನು ಯಾರ ಹತ್ತಿರ ಬಿಡಬೇಕು ಎಂದೇ ಬಡಬಡಿಸಿದಳು. ಒಳಗೆ ಹೋದವಳು ತಿರುಗಿ ಮನೆಗೆ ಬರುತ್ತಾಳೋ ಇಲ್ಲವೋ ಎಂಬ ಭಯ ನನಗೂ ಇತ್ತು. ಪಟ್ಟಿಯಲ್ಲಿದ್ದ ಉಳಿದ ಆರು ಜನರಲ್ಲಿ ಇಬ್ಬರು ಆಗಲೇ ಓಣಿ ಬಿಟ್ಟು ಹೋಗಿದ್ದರು. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಸಬ್‌ಇನ್‌ಸ್ಪೆಕ್ಟರ್ ತೆಲುಗಿನವರು, ದಣಿದ ಮುಖ. ಪಟ್ಟಿಯ ಮೇಲೆ ಬೆರಳಾಡಿಸಿ, ಒಂದೇ ಮನೆಯ ನಂಬರಿನ ಎದುರು ಎರಡು ಹೆಸರು ಕಂಡು ತಲೆ ಎತ್ತಿದರು. "ಇದ್ದರಿಲೋ ಅನುಮಾನಂ ಎವರಿ ಮೀದಮ್ಮಾ?" ಇಬ್ಬರಲ್ಲಿ ಅನುಮಾನ ಯಾರ ಮೇಲೆ ಎಂದು ಕೇಳಿದರು.

ಇಬ್ಬರ ಮೇಲೂ ಎಂದೆ. ನನ್ನ ಪಿಂಚಣಿ ಪುಸ್ತಕ ನೋಡಿ, ರಕ್ಷಣಾ ಕಾರ್ಖಾನೆ ಎಂದು ಓದಿ, ಎದ್ದು ಕುರ್ಚಿ ಕೊಟ್ಟರು. ನಿಮ್ಮ ಹೆಸರನ್ನು ಈಗಲೇ ಹೊಡೆದುಹಾಕುತ್ತೇನೆ, ನೀವು ಮನೆಗೆ ಹೋಗಿ ಎಂದರು. ಹೊಡೆದರೆ ಎರಡನ್ನೂ ಹೊಡೆಯಿರಿ, ಇಟ್ಟರೆ ಎರಡನ್ನೂ ಇಡಿ, ಹಿಡಿದರೆ ಇಬ್ಬರನ್ನೂ ಹಿಡಿಯಿರಿ ಎಂದೆ. ದನಿ ಏರಿತ್ತು, ಗೊತ್ತಿತ್ತು. ಅವರಿಗೆ ರೇಗಿತು. ಪೆನ್ನನ್ನು ನನ್ನ ಕಡೆ ತೋರಿಸಿ ಆಕೆಯನ್ನು ಹಿಂದಿಯಲ್ಲಿ ಕೇಳಿದರು: "ನಿನ್ನ ಪರವಾಗಿ ಇಷ್ಟು ಕೂಗಾಡುತ್ತಾರಲ್ಲ, ಇವರು ಈ ದೇಶದವರೇ ಅಂತ ನಿನಗೆ ಖಾತ್ರಿ ಇದೆಯಾ?" ಪಕ್ಕದ ಕಾನ್‌ಸ್ಟೇಬಲ್ ನಕ್ಕ.

ಆಕೆ ನಗಲಿಲ್ಲ. ಪ್ರಶ್ನೆ ನಿಜವೆಂದೇ ತಿಳಿದಳು. ನನ್ನ ಕಡೆ ಒಮ್ಮೆ ನೋಡಿ, ಕೈ ಕಟ್ಟಿಕೊಂಡು ಹೇಳಿದಳು:

"ಮೈ ಕಭೀ ಪೂಛಾ ನೈ ಸಾಬ್."

ನಾನು ಎಂದೂ ಕೇಳಿಲ್ಲ ಎಂದಳು. ನನ್ನನ್ನು ಚುಚ್ಚಲು ಹೇಳಿದ್ದಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು ಅಷ್ಟೇ. ಕಾನ್‌ಸ್ಟೇಬಲ್ ನಗು ನಿಲ್ಲಿಸಿದ. ಸಬ್‌ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು, ಎರಡು ಹೆಸರನ್ನೂ ಹಾಗೆಯೇ ಬಿಟ್ಟು, ಕರೆದಾಗ ಬನ್ನಿ ಎಂದು ಕಳಿಸಿದರು. ಇನ್ನೂ ಕರೆದಿಲ್ಲ. ಹೊಡೆದೂ ಹಾಕಿಲ್ಲ.

ಠಾಣೆಯ ಮೆಟ್ಟಿಲಿಳಿಯುವಾಗ ಆಕೆಯ ಕೈ ಹಿಡಿದು ನಿಲ್ಲಿಸಿದೆ. "ನಾನು ಕೇಳಿಬಿಟ್ಟೆ. ತಪ್ಪಾಯಿತು," ಎಂದೆ. ಪರವಾಗಿಲ್ಲ ಎನ್ನುತ್ತಾಳೆ ಅಂದುಕೊಂಡಿದ್ದೆ, ಅನ್ನಲಿಲ್ಲ. ಉಳಿದ ಮೆಟ್ಟಿಲಿಳಿದು, ನಾಳೆ ಆರು ಗಂಟೆಗೇ ಪಾತ್ರೆ ಇಳಿಸಿ, ಏಳಾದರೆ ಆ ಕಟ್ಟೆಯ ಮೇಲೆ ಬಿಸಿಲು ಬರುತ್ತದೆ ಎಂದಳು.